ಮ್ಯಾಕ್ಸ್ ಮಾನುಸ್: ಹಡಗು ಮುಳುಗಿಸಿದವನು ಆಫೀಸ್ ಮಷೀನ್ ಮಾರಿದ್ದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಮಹಾಯುದ್ಧದ ಬಗ್ಗೆ ಮಾತು ಬಂದಾಗ ನಾನು ನಾರ್ವೆಯ ಕಥೆ ಎತ್ತುತ್ತೇನೆ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಗೆಳೆಯರು, ಓದುಗರು, ಕಾಲೇಜು ಹುಡುಗರು, ಎಲ್ಲರೂ ಹೆಚ್ಚುಕಡಿಮೆ ಅವೇ ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಮಾತಲ್ಲೇ ಬಿಟ್ಟಿದ್ದೇನೆ. ಬೇಕಾದ್ದನ್ನು ಮಾತ್ರ ಓದಿಕೊಂಡರೂ ಆಗುತ್ತದೆ.

## ಶುರುವಿನ ಪ್ರಶ್ನೆಗಳು

ಮ್ಯಾಕ್ಸ್ ಮಾನುಸ್ ಅಂದ್ರೆ ಯಾರು? ನಾನಂತೂ ಹೆಸರೇ ಕೇಳಿಲ್ಲ

ನಾರ್ವೆಯವನು. ಹುಟ್ಟಿದ್ದು 1914ರ ಡಿಸೆಂಬರ್ 9, ಬೆರ್ಗೆನ್ ಊರಲ್ಲಿ. ತೀರಿಕೊಂಡದ್ದು 1996ರ ಸೆಪ್ಟೆಂಬರ್ 20. ಜರ್ಮನರು ನಾರ್ವೆಯನ್ನು ಹಿಡಿದುಕೊಂಡಿದ್ದ ಐದು ವರ್ಷ ಭೂಗತ ಹೋರಾಟದಲ್ಲಿದ್ದ. ಓಸ್ಲೋ ಬಂದರಿನಲ್ಲಿ ಜರ್ಮನ್ ಹಡಗುಗಳಿಗೆ ಬಾಂಬ್ ಅಂಟಿಸುವುದು ಆತನ ವಿಶೇಷ. ಯುದ್ಧ ಮುಗಿದ ಮೇಲೆ ಪಾಲುದಾರನೊಬ್ಬನ ಜೊತೆ ಸೇರಿ ಆಫೀಸ್ ಸಾಮಾನು ಮಾರುವ ಕಂಪನಿ ಕಟ್ಟಿದ.

ಯುದ್ಧ ಐದು ವರ್ಷ. ಅದಾದ ಮೇಲೆ ಆತ ಬದುಕಿದ್ದು ಐವತ್ತೊಂದು ವರ್ಷ. ಜನ ಐದರ ಬಗ್ಗೆಯೇ ಕೇಳುತ್ತಾರೆ. ನನಗೆ ಐವತ್ತೊಂದರ ಮೇಲೆ ಜಾಸ್ತಿ ಆಸಕ್ತಿ. ಎರಡನ್ನೂ ಹೇಳುತ್ತೇನೆ.

ನಾರ್ವೆ ಯಾರ ತಂಟೆಗೂ ಹೋಗದ ದೇಶ ಅಲ್ವಾ? ಹಿಟ್ಲರ್‌ಗೆ ಅಲ್ಲಿ ಏನು ಕೆಲಸ?

ಕಬ್ಬಿಣದ ಅದಿರು ಮತ್ತು ಕರಾವಳಿ. ಸ್ವೀಡನ್ನಿನ ಅದಿರು ಚಳಿಗಾಲದಲ್ಲಿ ನಾರ್ವೆಯ ನಾರ್ವಿಕ್ ಬಂದರಿನಿಂದ ಜರ್ಮನಿಗೆ ಹೋಗುತ್ತಿತ್ತು. ಅದನ್ನು ಬ್ರಿಟಿಷರು ತಡೆಯಬಾರದು, ಜೊತೆಗೆ ಜರ್ಮನ್ ನೌಕಾಪಡೆಗೆ ಅಟ್ಲಾಂಟಿಕ್ ಕಡೆ ಬಾಗಿಲು ಬೇಕು. 1940ರ ಏಪ್ರಿಲ್ 9ರ ಬೆಳಗಿನ ಜಾವ ದಾಳಿ ನಡೆಯಿತು. ಓಸ್ಲೋಗೆ ಬರುವ ಸಮುದ್ರದ ಕಿರಿದಾದ ದಾರಿಯಲ್ಲಿ, ಡ್ರೋಬಾಕ್ ಹತ್ತಿರದ ಆಸ್ಕರ್ಸ್‌ಬೋರ್ಗ್ ಎಂಬ ಹಳೇ ಕೋಟೆ ಜರ್ಮನರ ಹೊಚ್ಚಹೊಸ ಯುದ್ಧನೌಕೆ ಬ್ಲೂಷರ್ ಅನ್ನು ಮುಳುಗಿಸಿತು. ಆ ಕೆಲವು ಗಂಟೆ ಸಿಕ್ಕಿದ್ದರಿಂದ ರಾಜ ಹಾಕನ್ ಮತ್ತು ಸರ್ಕಾರ ತಪ್ಪಿಸಿಕೊಂಡು, ಜೂನ್‌ನಲ್ಲಿ ಲಂಡನ್ ಸೇರಿತು.

ದೇಶದ ಜನಸಂಖ್ಯೆ ಆಗ ಸುಮಾರು 30 ಲಕ್ಷ. ಅದರ ಮೇಲೆ ಕೂತ ಜರ್ಮನ್ ಸೈನಿಕರು 3 ಲಕ್ಷಕ್ಕೂ ಜಾಸ್ತಿ. ಅಂದರೆ ಹತ್ತು ಜನರಿಗೆ ಒಬ್ಬ ಸೈನಿಕ.

ಮ್ಯಾಕ್ಸ್ ಮಾನುಸ್ ಅನ್ನೋದು ನಾರ್ವೆ ಹೆಸರಿನ ಹಾಗೆ ಇಲ್ಲವಲ್ಲ?

ಅಪ್ಪನ ಮನೆತನದ ಹೆಸರು ಮಾಗ್ನುಸ್ಸೆನ್. ಅವರು ಸ್ಪ್ಯಾನಿಷ್ ಮಾತಾಡುವ ದೇಶಗಳಲ್ಲಿ ಬಹಳ ವರ್ಷ ಇದ್ದು ಹೆಸರನ್ನು ಮಾನುಸ್ ಎಂದು ಬದಲಿಸಿಕೊಂಡರು. ಮಗನ ಪೂರ್ತಿ ಹೆಸರು ಮ್ಯಾಕ್ಸಿಮೋ ಗಿಯೆರ್ಮೊ ಮಾನುಸ್. ತಾಯಿ ಡೆನ್ಮಾರ್ಕಿನವರು.

ಮೊದಲೇ ಸೈನ್ಯದಲ್ಲಿ ಇದ್ರಾ?

ಇಲ್ಲ. ಚಿಕ್ಕ ವಯಸ್ಸಿಗೇ ಊರು ಬಿಟ್ಟು ಲ್ಯಾಟಿನ್ ಅಮೆರಿಕದಲ್ಲಿ ಅಲೆದವನು. 1939ರ ಕೊನೆಯಲ್ಲಿ ಸೋವಿಯತ್ ಒಕ್ಕೂಟ ಫಿನ್ಲೆಂಡ್ ಮೇಲೆ ಬಿದ್ದಾಗ, ಫಿನ್ಲೆಂಡ್ ಪರವಾಗಿ ಹೋರಾಡಲು ಸ್ವಯಂಸೇವಕನಾಗಿ ಹೋದ. ಹಿಮದಲ್ಲಿ ಯುದ್ಧ ಅಂದರೆ ಏನು ಅಂತ ಗೊತ್ತಾದದ್ದು ಅಲ್ಲಿ. ಅಲ್ಲಿಂದ ಬರುವಷ್ಟರಲ್ಲಿ ತನ್ನ ದೇಶಕ್ಕೇ ಬೆಂಕಿ ಬಿದ್ದಿತ್ತು.

## ಯುದ್ಧದ ವರ್ಷಗಳು

ಪೊಲೀಸರು ಬಂದಾಗ ಕಿಟಕಿಯಿಂದ ಹಾರಿದ್ದು ನಿಜಾನಾ, ಅಥವಾ ಕಥೆ ಕಟ್ಟಿದ್ದಾ?

ನಿಜ. ಮೊದಮೊದಲು ಆತನ ಕೆಲಸ ಗುಟ್ಟಾಗಿ ಪತ್ರಿಕೆ ಹಂಚುವುದು, ಆಯುಧ ಬಚ್ಚಿಡುವುದು ಇಷ್ಟೇ. 1941ರ ಜನವರಿಯಲ್ಲಿ ಓಸ್ಲೋದ ಮನೆಗೆ ಪೊಲೀಸರು ನುಗ್ಗಿದರು. ಆತ ಕಿಟಕಿಯಿಂದ ಜಿಗಿದ. ಭುಜ, ಬೆನ್ನು, ತಲೆಗೆ ಪೆಟ್ಟು ಬಿತ್ತು. ಪ್ರಜ್ಞೆ ಬಂದಾಗ ಉಲ್ಲೆವೋಲ್ ಆಸ್ಪತ್ರೆಯಲ್ಲಿದ್ದ. ಬಾಗಿಲಲ್ಲಿ ಕಾವಲು.

ಇಲ್ಲಿ ನಿಜವಾದ ಧೈರ್ಯ ಡಾಕ್ಟರು, ನರ್ಸುಗಳದ್ದು ಅನ್ನಿಸುತ್ತದೆ ನನಗೆ. ರೋಗಿಯ ಸ್ಥಿತಿ ಇದ್ದದ್ದಕ್ಕಿಂತ ಬಹಳ ಕೆಟ್ಟದಾಗಿದೆ, ವಿಚಾರಣೆ ಮಾಡುವ ಹಾಗಿಲ್ಲ ಅಂತ ಜರ್ಮನರಿಗೆ ಹೇಳುತ್ತಾ ಹೋದರು. ಕೆಲವು ವಾರ ಕಳೆದ ಮೇಲೆ ಒಂದು ರಾತ್ರಿ ಮ್ಯಾಕ್ಸ್ ಹಗ್ಗ ಹಿಡಿದು ಕಿಟಕಿಯಿಂದ ಇಳಿದ. ಅಲ್ಲಿಂದ ಸ್ವೀಡನ್. ಆತನಿಗೆ ಹೊರಗೆ ದಾರಿ ಇತ್ತು. ಸುಳ್ಳು ಹೇಳಿದ ಆಸ್ಪತ್ರೆಯವರು ಮಾರನೇ ದಿನವೂ ಅದೇ ಡ್ಯೂಟಿಗೆ ಬರಬೇಕಿತ್ತು.

ಸ್ವೀಡನ್‌ನಿಂದ ಬ್ರಿಟನ್‌ಗೆ ಎಷ್ಟು ದೂರ? ಅದಕ್ಕೆ ಭೂಮಿ ಸುತ್ತಿದ್ದು ಯಾಕೆ?

ನಕ್ಷೆಯಲ್ಲಿ ಹತ್ತಿರ. ಮಧ್ಯದಲ್ಲಿ ಜರ್ಮನರು. ಹಾಗಾಗಿ ಸೋವಿಯತ್ ಒಕ್ಕೂಟ, ಟರ್ಕಿ, ಅರೇಬಿಯಾ, ಕೇಪ್ ಟೌನ್, ಅಲ್ಲಿಂದ ಅಮೆರಿಕ, ಕೆನಡಾ ದಾಟಿ ಬ್ರಿಟನ್ ಸೇರಿದ. ಹಿಟ್ಲರ್ 1941ರ ಜೂನ್ 22ರಂದು ರಷ್ಯಾ ಮೇಲೆ ದಾಳಿ ಮಾಡುವವರೆಗೂ ಆ ಮೂಡಣ ದಾರಿ ತೆರೆದಿತ್ತು. ನಾರ್ವೆ ಬಿಟ್ಟು ಓಡಿಬಂದ ಇತರ ಯುವಕರೂ ಹೀಗೇ ಸುತ್ತಿಬಳಸಿ ಹೋದರು.

ಲಿಂಗೆ ತುಕಡಿ, ಓಸ್ಲೋ ಗ್ಯಾಂಗ್, ಮಿಲೋರ್ಗ್... ಇವೆಲ್ಲ ಒಂದೇನಾ? ತಲೆ ಕೆಡುತ್ತೆ

ಬೇರೆ ಬೇರೆ, ಆದರೆ ಒಂದಕ್ಕೊಂದು ಹೆಣೆದುಕೊಂಡಿವೆ.

ಬ್ರಿಟಿಷರು 1940ರಲ್ಲಿ ಶತ್ರು ಹಿಡಿದ ದೇಶಗಳ ಒಳಗೇ ಗುಟ್ಟಾಗಿ ಕೆಲಸ ಮಾಡಲು ಒಂದು ಸಂಸ್ಥೆ ಕಟ್ಟಿದರು. ಅದರ ಹೆಸರು ಎಸ್‌ಒಇ. ಅದರ ಕೆಳಗೆ ನಾರ್ವೆಯವರದ್ದೇ ಒಂದು ತುಕಡಿ ಇತ್ತು. ಕ್ಯಾಪ್ಟನ್ ಮಾರ್ಟಿನ್ ಲಿಂಗೆ 1941ರ ಡಿಸೆಂಬರ್‌ನಲ್ಲಿ ನಾರ್ವೆ ಕರಾವಳಿಯ ಮೋಲೋಯ್ ಮೇಲಿನ ದಾಳಿಯಲ್ಲಿ ಸತ್ತ ಮೇಲೆ ಅದಕ್ಕೆ ಲಿಂಗೆ ತುಕಡಿ ಎಂಬ ಹೆಸರು ನಿಂತಿತು. ತರಬೇತಿ ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ. ಒಟ್ಟು ಸುಮಾರು 530 ಜನ, ಅದರಲ್ಲಿ 57 ಮಂದಿ ಸತ್ತರು.

ಮಿಲೋರ್ಗ್ ಅನ್ನುವುದು ನಾರ್ವೆಯೊಳಗೇ ಇದ್ದ ಭೂಗತ ಸೇನೆ. ಕೊನೆಗೆ ಅದರಲ್ಲಿ ಸುಮಾರು 40,000 ಜನ ಇದ್ದರು. ಓಸ್ಲೋ ಗ್ಯಾಂಗ್ ಅಂದರೆ ರಾಜಧಾನಿಯಲ್ಲಿ ಕೆಲಸ ಮಾಡಿದ ಬೆರಳೆಣಿಕೆಯ ಜನ, ಹೆಚ್ಚಿನವರು ಲಿಂಗೆ ತುಕಡಿಯವರು. ಮುಖಂಡ ಗುನ್ನಾರ್ ಸೋನ್ಸ್ಟೆಬಿ. ಮ್ಯಾಕ್ಸ್ ಈ ಗುಂಪಿನವನು.

ಹಡಗಿಗೆ ಬಾಂಬ್ ಅಂಟಿಸೋದು ಅಂದ್ರೆ ಹೇಗೆ? ನೀರಲ್ಲಿ ಅಂಟುತ್ತಾ?

ಅಯಸ್ಕಾಂತದಿಂದ. ಲಿಂಪೆಟ್ ಮೈನ್ ಎಂಬ ಈ ಬಾಂಬ್ ಸುಮಾರು ನಾಲ್ಕೂವರೆ ಕೆ.ಜಿ. ತೂಗುತ್ತಿತ್ತು. ಎರಡು ಬದಿಗೆ ಅಯಸ್ಕಾಂತದ ತುಂಡುಗಳು. ಉದ್ದ ಕೋಲಿನ ತುದಿಗೆ ಸಿಕ್ಕಿಸಿ, ನೀರಿನ ಮಟ್ಟಕ್ಕಿಂತ ಕೆಳಗೆ ಹಡಗಿನ ಉಕ್ಕಿನ ಮೈಗೆ ಮೆಲ್ಲಗೆ ಒತ್ತಬೇಕು. ಜೋರಾಗಿ ಒತ್ತಿದರೆ ಟಣ್ ಅಂತ ಸದ್ದು. ಒಳಗಿದ್ದವರಿಗೆ ಕೇಳಿಸಿತು ಅಂದರೆ ಕಥೆ ಮುಗಿಯಿತು.

ಟೈಮರ್ ಇನ್ನೂ ಮಜವಾಗಿದೆ. ಗಡಿಯಾರ ಇಲ್ಲ. ಒಂದು ಪುಟ್ಟ ಗಾಜಿನ ಕೊಳವೆಯಲ್ಲಿ ಅಸಿಟೋನ್. ಸ್ಕ್ರೂ ತಿರುಗಿಸಿದರೆ ಗಾಜು ಒಡೆಯುತ್ತದೆ, ಅಸಿಟೋನ್ ಒಂದು ಸೆಲ್ಯುಲಾಯ್ಡ್ ಬಿಲ್ಲೆಯನ್ನು ಕರಗಿಸುತ್ತಾ ಹೋಗುತ್ತದೆ. ಬಿಲ್ಲೆ ಕರಗಿ ಮುಗಿದಾಗ ಸ್ಪ್ರಿಂಗ್ ಬಿಟ್ಟುಕೊಂಡು ಸ್ಫೋಟ. ಎಷ್ಟು ಹೊತ್ತಿಗೆ ಸಿಡಿಯಬೇಕು ಅನ್ನುವುದಕ್ಕೆ ಬೇರೆ ಬೇರೆ ಬಣ್ಣದ ಕೊಳವೆಗಳಿದ್ದವು. ನೀರು ತಣ್ಣಗಿದ್ದಷ್ಟೂ ಕರಗುವುದು ತಡ. ನಾರ್ವೆಯ ಚಳಿಯಲ್ಲಿ ಈ ಲೆಕ್ಕ ಹಾಕುವುದೇ ದೊಡ್ಡ ತಲೆನೋವು.

ಮ್ಯಾಕ್ಸ್ ಮತ್ತು ಗೆಳೆಯ ಗ್ರೆಗರ್ಸ್ ಗ್ರಾಮ್ 1943ರ ಮಾರ್ಚ್‌ನಲ್ಲಿ ಪ್ಯಾರಾಶೂಟ್‌ನಲ್ಲಿ ನಾರ್ವೆಗೆ ಇಳಿದರು. ಏಪ್ರಿಲ್ ಕೊನೆಯ ಒಂದು ರಾತ್ರಿ ಪುಟ್ಟ ದೋಣಿಗಳಲ್ಲಿ ಓಸ್ಲೋ ಬಂದರಿಗೆ ಹೋಗಿ ಇಂಥವನ್ನೇ ಅಂಟಿಸಿದರು. ಓರ್ಟೆಲ್ಸ್‌ಬುರ್ಗ್, ಟುಗೆಲಾ ಎಂಬ ಎರಡು ಹಡಗಿಗೆ ಪೆಟ್ಟು ಬಿತ್ತು.

ಡೋನೌ ಹಡಗಿನ ರಾತ್ರಿ ಏನಾಯ್ತು? ಸ್ವಲ್ಪ ವಿವರವಾಗಿ ಹೇಳಿ

1945ರ ಜನವರಿ 16. ಅಷ್ಟು ದಿನ ಜೊತೆಗಿದ್ದ ಫಿನ್ಲೆಂಡ್ ಕೈತಪ್ಪಿದ್ದರಿಂದ ಜರ್ಮನಿ ಉತ್ತರದಲ್ಲಿದ್ದ ಸೈನ್ಯವನ್ನು ಹಿಂದಕ್ಕೆ ಕರೆಸಿಕೊಳ್ಳುತ್ತಿತ್ತು. ಡೋನೌ ಆ ಸೈನಿಕರನ್ನು ತುಂಬಿಕೊಂಡು ಹೊರಡಲು ಓಸ್ಲೋದ ಧಕ್ಕೆಯಲ್ಲಿ ನಿಂತಿತ್ತು.

ಮ್ಯಾಕ್ಸ್ ಮತ್ತು ರಾಯ್ ನೀಲ್ಸೆನ್ ಬಂದರಿನ ಕೆಲಸಗಾರರ ವೇಷ ಹಾಕಿ ಕಾವಲುಗಾರರ ಎದುರೇ ಒಳಗೆ ಹೋದರು. ಧಕ್ಕೆಯ ಕೆಳಗೆ, ಕಂಬಗಳ ನಡುವೆ, ರಬ್ಬರ್ ದೋಣಿಯನ್ನು ಮೊದಲೇ ಬಚ್ಚಿಟ್ಟಿದ್ದರು. ನೀರ ಮೇಲೆ ಮಂಜುಗಡ್ಡೆ. ಅದನ್ನು ಸದ್ದಾಗದ ಹಾಗೆ ಸರಿಸುತ್ತಾ ಹಡಗಿನ ಪಕ್ಕಕ್ಕೇ ಹೋದರು. ಮೇಲೆ ಸೈನಿಕರು ಹತ್ತುತ್ತಿದ್ದಾರೆ, ಸಾಮಾನು ಏರಿಸುತ್ತಿದ್ದಾರೆ. ಕೆಳಗೆ ಇವರು ಹಡಗಿನ ಉದ್ದಕ್ಕೆ ಸುಮಾರು ಐವತ್ತು ಮೀಟರಿನಲ್ಲಿ ಹತ್ತು ಬಾಂಬ್ ಅಂಟಿಸಿದರು.

ಹಡಗು ತೆರೆದ ಸಮುದ್ರ ಸೇರಿದ ಮೇಲೆ ಸಿಡಿಯಬೇಕು ಅನ್ನುವುದು ಲೆಕ್ಕ. ಆದರೆ ಡೋನೌ ತಡವಾಗಿ ಹೊರಟಿತು. ಡ್ರೋಬಾಕ್ ಹತ್ತಿರ ಬಂದಾಗಲೇ ಸ್ಫೋಟ ಆಯಿತು. ಕ್ಯಾಪ್ಟನ್ ಹಡಗನ್ನು ದಡಕ್ಕೆ ನುಗ್ಗಿಸಿದ. 1940ರಲ್ಲಿ ಬ್ಲೂಷರ್ ಮುಳುಗಿದ್ದೂ ಇದೇ ಜಲಮಾರ್ಗದಲ್ಲಿ, ಡ್ರೋಬಾಕ್ ಬಳಿಯೇ.

ಯಹೂದಿಗಳನ್ನು ಸಾಗಿಸಿದ್ದೂ ಅದೇ ಹಡಗಂತೆ. ಹಾಗಿದ್ರೆ 1942ರಲ್ಲೇ ಮುಳುಗಿಸಬಹುದಿತ್ತಲ್ವಾ?

ಈ ಪ್ರಶ್ನೆ ಕೇಳಿದವರು ತುಂಬ ಜನ. ಸುಲಭದ ಉತ್ತರ ಇಲ್ಲ.

1942ರ ನವೆಂಬರ್ 26ರಂದು ಡೋನೌ ಓಸ್ಲೋದಿಂದ ಸುಮಾರು 530 ಯಹೂದಿಗಳನ್ನು ಹೊತ್ತು ಹೊರಟಿತು. ಗಂಡಸರು, ಹೆಂಗಸರು, ಮಕ್ಕಳು, ಮುದುಕರು. ಸ್ಟೆಟಿನ್ ಬಂದರಿನ ತನಕ ಹಡಗು, ಅಲ್ಲಿಂದ ನಾಜಿಗಳ ಕೊಲೆ ಶಿಬಿರವಾದ ಔಶ್ವಿಟ್ಸ್‌ಗೆ ರೈಲು. ಬದುಕಿ ಬಂದವರು ಬೆರಳೆಣಿಕೆ. ಮನೆಮನೆಗೆ ಹೋಗಿ ಹಿಡಿದು ತಂದವರಲ್ಲಿ ಬಹುಪಾಲು ನಾರ್ವೆಯದೇ ಪೊಲೀಸರು. ಅದಕ್ಕೆ ದೇಶದ ಪ್ರಧಾನಿ ಕ್ಷಮೆ ಕೇಳಿದ್ದು 2012ರಲ್ಲಿ, ಎಪ್ಪತ್ತು ವರ್ಷ ಕಳೆದ ಮೇಲೆ.

ಆ ನವೆಂಬರ್‌ನಲ್ಲಿ ಮ್ಯಾಕ್ಸ್ ಇನ್ನೂ ನಾರ್ವೆಗೆ ವಾಪಸ್ ಬಂದಿರಲಿಲ್ಲ. ಇನ್ನೊಂದು ಮಾತು. ಜನ ತುಂಬಿದ ಹಡಗಿಗೆ ಬಾಂಬ್ ಇಟ್ಟರೆ ಮೊದಲು ಸಾಯುವವರು ಕೆಳಗಿನ ಅಂತಸ್ತಿನಲ್ಲಿ ಕೂಡಿಹಾಕಿದವರೇ. ಆಗ ಆಗಬೇಕಿದ್ದ ಕೆಲಸ ಅಂದರೆ ಜನರನ್ನು ಹಡಗು ಹತ್ತುವ ಮೊದಲೇ ಬಚ್ಚಿಡುವುದು, ಸ್ವೀಡನ್ ಗಡಿ ದಾಟಿಸುವುದು. ಲಾರಿಗಳಲ್ಲಿ, ಕಾಡುದಾರಿಯಲ್ಲಿ ಸಾಮಾನ್ಯ ಜನ ಆ ಕೆಲಸ ಮಾಡಿದರು. ನಾರ್ವೆಯಲ್ಲಿದ್ದ ಸುಮಾರು 2,100 ಯಹೂದಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹಾಗೆ ಉಳಿದರು. ಅವರನ್ನು ದಾಟಿಸಿದ ಲಾರಿ ಡ್ರೈವರ್‌ಗಳ ಹೆಸರು ಮ್ಯಾಕ್ಸ್ ಹೆಸರಿನಷ್ಟು ಯಾರ ಬಾಯಲ್ಲೂ ಇಲ್ಲ.

ಮ್ಯಾಕ್ಸ್ ಬಾಂಬ್ ಇಟ್ಟ ಎಲ್ಲ ಹಡಗೂ ಮುಳುಗಿದ್ವಾ?

ಇಲ್ಲ. 1944ರ ಜೂನ್‌ನಲ್ಲಿ ಮ್ಯಾಕ್ಸ್ ಮತ್ತು ಗ್ರಾಮ್ ಮೋಂಟೆ ರೋಸಾ ಎಂಬ ಹಡಗಿಗೆ ಗುರಿ ಇಟ್ಟರು. ಕರೆಂಟ್ ಕೆಲಸದವರು ಅಂತ ಹೇಳಿಕೊಂಡು ಬಂದರಿನೊಳಗೆ ಹೋಗಿ, ಹಡಗು ಬರುವವರೆಗೂ ಮೂರು ದಿನ ಅಡಗಿ ಕೂತು, ರಬ್ಬರ್ ದೋಣಿಯಲ್ಲಿ ಹೋಗಿ ಬಾಂಬ್ ಅಂಟಿಸಿದರು. ಸ್ಫೋಟವೂ ಆಯಿತು. ಹಡಗು ಮಾತ್ರ ಮುಳುಗಲಿಲ್ಲ.

ಯುದ್ಧ ಮುಗಿದ ಮೇಲೆ ಬ್ರಿಟಿಷರು ಅದನ್ನು ವಶಕ್ಕೆ ತೆಗೆದುಕೊಂಡು ಎಂಪೈರ್ ವಿಂಡ್‌ರಷ್ ಅಂತ ಹೆಸರಿಟ್ಟರು. 1948ರ ಜೂನ್‌ನಲ್ಲಿ ಕೆರಿಬಿಯನ್ ದ್ವೀಪಗಳಿಂದ ನೂರಾರು ಜನರನ್ನು ಲಂಡನ್ ಹತ್ತಿರದ ಟಿಲ್ಬರಿಗೆ ತಂದಿಳಿಸಿದ್ದು ಅದೇ ಹಡಗು. ಬ್ರಿಟನ್‌ನಲ್ಲಿ ಆ ತಲೆಮಾರಿನ ವಲಸಿಗರನ್ನು ಇಂದಿಗೂ ವಿಂಡ್‌ರಷ್ ಪೀಳಿಗೆ ಅನ್ನುತ್ತಾರೆ. ಮ್ಯಾಕ್ಸ್‌ನ ಲೆಕ್ಕ ಅಂದು ಸರಿಯಾಗಿದ್ದರೆ ಅವರು ಬೇರೆ ಯಾವುದೋ ಹಡಗಿನ ಹೆಸರು ಹೊರಬೇಕಿತ್ತು.

ಜೊತೆಗಿದ್ದ ಗೆಳೆಯರು ಏನಾದ್ರು?

ಗ್ರೆಗರ್ಸ್ ಗ್ರಾಮ್ 1944ರ ನವೆಂಬರ್ 13ರಂದು ಓಸ್ಲೋದ ಒಂದು ಕೆಫೆಯಲ್ಲಿ ಗುಂಡೇಟಿಗೆ ಸತ್ತ. ಸೈನ್ಯ ಬಿಟ್ಟು ಓಡಿಬರಲು ಬಯಸುವ ಜರ್ಮನ್ ಸೈನಿಕರನ್ನು ಭೇಟಿ ಮಾಡಲು ಹೋಗಿದ್ದ. ಅದು ಬಲೆಯಾಗಿತ್ತು. ಜೊತೆಗಿದ್ದ ಎಡ್ವರ್ಡ್ ಟಾಲಕ್ಸೆನ್ ಗಾಯಗೊಂಡು ಸಿಕ್ಕಿಬಿದ್ದ, ಜೈಲಿನಲ್ಲಿ ತಾನೇ ಪ್ರಾಣ ತೆಗೆದುಕೊಂಡ. ಡೋನೌ ಕೆಲಸದಲ್ಲಿದ್ದ ರಾಯ್ ನೀಲ್ಸೆನ್ ಕೂಡ ಯುದ್ಧ ಮುಗಿಯಲು ಕೆಲವೇ ವಾರ ಇರುವಾಗ ಸತ್ತ. ಮುಂದಿನ ಪ್ರಶ್ನೆಗಳನ್ನು ಓದುವಾಗ ಈ ಹೆಸರುಗಳು ನೆನಪಿರಲಿ.

## ಯುದ್ಧ ಮುಗಿದ ಮೇಲೆ

ರಾಜನ ಕಾರಲ್ಲಿ ಕೂತಿರೋ ಫೋಟೋ ಇದೆಯಂತೆ?

ಇದೆ. ಜರ್ಮನರು ಶರಣಾದದ್ದು 1945ರ ಮೇ 8. ಐದು ದಿನ ಕಳೆದು ಯುವರಾಜ ಓಲಾವ್ ಓಸ್ಲೋಗೆ ಬಂದಾಗ ತೆರೆದ ಕಾರಿನಲ್ಲಿ ಕಾವಲಿಗೆ ಕೂತವನು ಮ್ಯಾಕ್ಸ್. ಜೂನ್ 7ರಂದು ರಾಜ ಹಾಕನ್ ವಾಪಸಾದಾಗಲೂ ಕಾವಲಿಗೆ ಇದ್ದ. ಹಿಂದಿನ ತಿಂಗಳವರೆಗೂ ಅದೇ ಬೀದಿಯಲ್ಲಿ ಸುಳ್ಳು ಗುರುತಿನ ಚೀಟಿ ಇಟ್ಟುಕೊಂಡು ಓಡಾಡಿದವನು. ನಾರ್ವೆಯ ಅತಿ ದೊಡ್ಡ ಸೇನಾ ಗೌರವವಾದ ಯುದ್ಧ ಶಿಲುಬೆ ಆತನಿಗೆ ಎರಡು ಖಡ್ಗಗಳ ಸಮೇತ, ಅಂದರೆ ಎರಡು ಸಲ, ಸಿಕ್ಕಿತು. ಬ್ರಿಟನ್ನಿನ ಪದಕಗಳೂ ಬಂದವು.

ಅಷ್ಟು ದೊಡ್ಡ ಹೀರೋ. ಸೈನ್ಯದಲ್ಲೋ ರಾಜಕೀಯದಲ್ಲೋ ಇರಬಹುದಿತ್ತು. ಅಂಗಡಿ ಯಾಕೆ?

ಆತನ ಹುನ್ನರು ಯಾವುದು ಅಂತ ನೋಡಿ. ಹಡಗಿಗೆ ಬಾಂಬ್ ಅಂಟಿಸುವುದು, ಸುಳ್ಳು ಹೆಸರಲ್ಲಿ ಬದುಕುವುದು. ಶಾಂತಿ ಬಂದ ಮಾರನೇ ದಿನ ಈ ಕೆಲಸಕ್ಕೆ ಸಂಬಳ ಕೊಡುವವರು ಯಾರು? ಡಿಗ್ರಿ ಇಲ್ಲ. ಕ್ರಮವಾಗಿ ಬಡ್ತಿ ಪಡೆದ ಸೈನಿಕನೂ ಅಲ್ಲ. ವಯಸ್ಸು ಮೂವತ್ತು. ಮೇಲಿನವರ ಆರ್ಡರ್‌ಗೆ ಕಾದು ಕೂರುವ ಸ್ವಭಾವ ಮೊದಲೇ ಇಲ್ಲ. ಹದಿಹರೆಯದಲ್ಲೇ ದೇಶ ಸುತ್ತಿ, ಸಿಕ್ಕ ಕೆಲಸ ಮಾಡಿ ಬದುಕಿದವನಿಗೆ ಸ್ವಂತ ವ್ಯಾಪಾರವೇ ಸಹಜ ದಾರಿ. ಇದು ನನ್ನ ಊಹೆ, ಆದರೆ ತೀರಾ ಗಾಳಿಗೆ ಗುದ್ದಿದ್ದಲ್ಲ.

ಏನು ಮಾರ್ತಿದ್ರು? ಲಾಭ ಬಂತಾ?

ಆಫೀಸ್ ಮಷೀನು, ಆಫೀಸ್ ಸಾಮಾನು. ಸೋಫುಸ್ ಕ್ಲಾಸೆನ್ ಎಂಬ ಪಾಲುದಾರನ ಜೊತೆ ಕ್ಲಾಸೆನ್ ಆಂಡ್ ಮಾನುಸ್ ಎಂಬ ಕಂಪನಿ ಶುರು ಮಾಡಿದ. ಆಮೇಲೆ ಇಬ್ಬರೂ ಬೇರೆಯಾದರು. ಒಂದು ಸೋಫುಸ್ ಕ್ಲಾಸೆನ್ ಕಂಪನಿ ಆಯಿತು, ಇನ್ನೊಂದು ಮ್ಯಾಕ್ಸ್ ಮಾನುಸ್ ಕಂಪನಿ. ಎರಡೂ ಉಳಿದು ಬೆಳೆದವು. ಲಾಭ ಬಾರದ ವ್ಯಾಪಾರ ಹಾಗೆ ಎರಡಾಗಿ ಉಳಿಯುವುದಿಲ್ಲ ಅಲ್ವಾ?

ಕಾಲ ಹೇಗಿತ್ತು ಅಂತಲೂ ನೋಡಬೇಕು. ಯುದ್ಧ ಮುಗಿದರೂ ನಾರ್ವೆಯಲ್ಲಿ ರೇಷನ್ ಮುಗಿದಿರಲಿಲ್ಲ. ವಿದೇಶಿ ಹಣದ ಕೊರತೆ. ಹೊರಗಿನಿಂದ ಏನು ತರಬೇಕಾದರೂ ಲೈಸೆನ್ಸ್. ಸಾಮಾನ್ಯ ಜನ ಪರ್ಮಿಟ್ ಇಲ್ಲದೆ ಕಾರು ಕೊಳ್ಳಲು ಆದದ್ದೇ 1960ರಲ್ಲಿ. ನಮ್ಮ ಲೈಸೆನ್ಸ್ ರಾಜ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅದೇ ಹೊತ್ತಿಗೆ ಸರ್ಕಾರಿ ಕಚೇರಿ, ಬ್ಯಾಂಕು, ಹಡಗು ಕಂಪನಿ, ವಿಮಾ ಕಂಪನಿ ಎಲ್ಲ ಹೊಸದಾಗಿ ಎದ್ದು ನಿಲ್ಲುತ್ತಿದ್ದವು. ಎಲ್ಲರಿಗೂ ಮಷೀನ್ ಬೇಕು.

ಮುಂದೆ ಮ್ಯಾಕ್ಸ್ ಮಾನುಸ್ ಕಂಪನಿಯ ಹೆಸರು ಗಟ್ಟಿಯಾಗಿ ನಿಂತದ್ದು ಡಿಕ್ಟೇಷನ್ ಮಷೀನ್‌ಗಳಲ್ಲಿ. ಸಾಹೇಬರು ಪತ್ರವನ್ನು ಮೈಕಿನ ಮುಂದೆ ಓದುತ್ತಾರೆ, ಧ್ವನಿ ಟೇಪಿನಲ್ಲಿ ಕೂರುತ್ತದೆ. ಆಮೇಲೆ ಟೈಪಿಸ್ಟ್ ಕಿವಿಗೆ ಹೆಡ್‌ಫೋನ್ ಹಾಕಿ, ಕಾಲಲ್ಲಿ ಪೆಡಲ್ ಒತ್ತಿ ನಿಲ್ಲಿಸಿ, ಹಿಂದಕ್ಕೆ ಓಡಿಸಿ ಟೈಪ್ ಮಾಡುತ್ತಾಳೆ. ಸ್ಟೆನೋ ಎದುರು ಕೂರಬೇಕಿಲ್ಲ. ಇದರಿಂದ ಜಾಸ್ತಿ ಅನುಕೂಲ ಆಗುವುದು ಡಾಕ್ಟರುಗಳಿಗೆ. ಒಬ್ಬ ರೋಗಿ ಹೋಗಿ ಇನ್ನೊಬ್ಬ ಬರುವಷ್ಟರಲ್ಲಿ ಟಿಪ್ಪಣಿ ಹೇಳಿ ಮುಗಿಸಬಹುದು. ಮ್ಯಾಕ್ಸ್ ತೀರಿಕೊಂಡ ಮೇಲೂ ಅವನ ಹೆಸರಿನ ಕಂಪನಿ ಆಸ್ಪತ್ರೆಗಳಿಗೆ ಮಾತನ್ನು ಬರಹಕ್ಕೆ ಇಳಿಸುವ ಸಾಫ್ಟ್‌ವೇರ್ ಮಾರುತ್ತಿತ್ತು. ನಾರ್ವೆಯ ಎಷ್ಟೋ ಡಾಕ್ಟರುಗಳಿಗೆ ಮ್ಯಾಕ್ಸ್ ಮಾನುಸ್ ಅಂದರೆ ಮೊದಲು ನೆನಪಾಗುತ್ತಿದ್ದದ್ದು ಆ ಸಾಫ್ಟ್‌ವೇರೇ ಇರಬೇಕು.

ಹೀರೋ ಅನ್ನೋ ಹೆಸರಿಂದಲೇ ವ್ಯಾಪಾರ ನಡೀತು ಅನ್ನಿ!

ಅರ್ಧ ಸತ್ಯ. ಹೆಸರು ಬಾಗಿಲು ತೆಗೆಸುತ್ತದೆ, ಒಂದು ಕಾಫಿ ಕುಡಿಸುತ್ತದೆ. 1946ರಲ್ಲಿ ಓಸ್ಲೋದ ಯಾವ ಮ್ಯಾನೇಜರು ತಾನೇ ಮ್ಯಾಕ್ಸ್ ಮಾನುಸ್‌ಗೆ ಟೈಮ್ ಇಲ್ಲ ಅಂದಾನು? ಆದರೆ ಮಷೀನ್ ಕೆಟ್ಟು ನಿಂತು, ರಿಪೇರಿಗೆ ಯಾರೂ ಬಾರದಿದ್ದರೆ ಎರಡನೇ ಸಲ ಯಾರೂ ಕೊಳ್ಳುವುದಿಲ್ಲ. ಆಫೀಸ್ ಮಷೀನ್ ವ್ಯಾಪಾರ ನಿಂತಿರುವುದೇ ಸರ್ವೀಸ್ ಮೇಲೆ, ಬಿಡಿಭಾಗದ ಮೇಲೆ. ದಶಕಗಟ್ಟಲೆ ನಡೆದ ಕಂಪನಿಯನ್ನು ಬರೀ ಪದಕ ತೋರಿಸಿ ನಡೆಸಿದರು ಅನ್ನುವುದು ಆ ಕಂಪನಿಯಲ್ಲಿ ದುಡಿದ ಮೆಕ್ಯಾನಿಕ್‌ಗಳಿಗೆ ಮಾಡುವ ಅನ್ಯಾಯ.

ಕುಡಿತದ ಚಟ ಇತ್ತು ಅಂತ ಓದಿದೆ. ನಿಜಾನಾ?

ನಿಜ. ಯುದ್ಧ ಮುಗಿದ ಮೇಲೆ ಕೆಟ್ಟ ಕನಸುಗಳು, ಖಿನ್ನತೆ, ಕುಡಿತ ಎಲ್ಲವೂ ಬಂದವು. ಗೆಳೆಯರು ಸತ್ತು ತಾನೊಬ್ಬ ಉಳಿದದ್ದು ಆತನನ್ನು ಬಿಡಲಿಲ್ಲ. ಬೆನ್ನು ನೋವೂ ಇತ್ತು.

ಈಗಾದರೆ ಇದಕ್ಕೊಂದು ಹೆಸರಿದೆ, ಚಿಕಿತ್ಸೆ ಇದೆ. ಪಿಟಿಎಸ್‌ಡಿ, ಅಂದರೆ ಆಘಾತ ಕಳೆದ ಮೇಲೂ ಮನಸ್ಸನ್ನು ಕಾಡುವ ಕಾಯಿಲೆ, ವೈದ್ಯರ ಪಟ್ಟಿಗೆ ಅಧಿಕೃತವಾಗಿ ಸೇರಿದ್ದು 1980ರಲ್ಲಿ. ವಿಚಿತ್ರ ಅಂದರೆ ಈ ವಿಷಯದಲ್ಲಿ ಜಗತ್ತಿಗೆ ದಾರಿ ತೋರಿದವರಲ್ಲಿ ನಾರ್ವೆಯ ಒಬ್ಬ ಮನೋವೈದ್ಯರೂ ಇದ್ದಾರ‍ೆ, ಲಿಯೋ ಐಟಿಂಗರ್. ಅವರೇ ನಾರ್ವೆಯಿಂದ ಔಶ್ವಿಟ್ಸ್‌ಗೆ ಹೋಗಿ ಬದುಕಿ ಬಂದವರು. ನಾಜಿ ಶಿಬಿರಗಳಿಂದ ಬಂದವರಿಗೆ ಎಷ್ಟೋ ವರ್ಷ ಕಳೆದ ಮೇಲೂ ನಿದ್ದೆ, ನೆನಪು, ಮನಸ್ಸು ಹೇಗೆ ಕೆಡುತ್ತದೆ ಅಂತ ಅವರು ತೋರಿಸಿದರು. 1945ರಲ್ಲಿ ಇದ್ಯಾವುದೂ ಇರಲಿಲ್ಲ. ಗಂಡಸು ಅಂದರೆ ಎದ್ದು ಶೇವ್ ಮಾಡಿಕೊಂಡು ಆಫೀಸಿಗೆ ಹೋಗಬೇಕು. ಮ್ಯಾಕ್ಸ್ ಹೋದ. ಅಂಗಡಿಯನ್ನು ನಾನು ಯುದ್ಧದ ಕಥೆಗೆ ಬಾಲ ಅಂದುಕೊಳ್ಳದೇ ಇರುವುದು ಇದಕ್ಕೇ. ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆಯಬೇಕು ಅನ್ನುವ ಕಟ್ಟುಪಾಡು ಕೆಲವರನ್ನು ನಿಲ್ಲಿಸುತ್ತದೆ.

ಹೆಂಡತಿ ಬಗ್ಗೆ ಹೇಳಿ. ಅವರೂ ಹೋರಾಟದಲ್ಲಿ ಇದ್ರಂತೆ?

ಇಡಾ ನಿಕೊಲೀನ್, ಎಲ್ಲರೂ ಕರೆಯುತ್ತಿದ್ದದ್ದು ಟಿಕ್ಕೆನ್ ಅಂತ. ಯುದ್ಧದ ಕಾಲದಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿದ್ದ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ಕೆಲಸ ಮಾಡುತ್ತಾ, ಗಡಿ ದಾಟಿ ಬರುವ ಹೋರಾಟಗಾರರಿಗೆ ಸಂಪರ್ಕವಾಗಿದ್ದರು. 1947ರಲ್ಲಿ ಮದುವೆ. ಆಕೆ ತೀರಿಕೊಂಡದ್ದು 2010ರಲ್ಲಿ. ರಾತ್ರಿ ಬೆಚ್ಚಿ ಏಳುವ ಗಂಡನನ್ನು ಐವತ್ತು ವರ್ಷ ನೋಡಿಕೊಂಡದ್ದಕ್ಕೆ ಯಾವ ದೇಶವೂ ಪದಕ ಕೊಡುವುದಿಲ್ಲ.

## ಇನ್ನೂ ಕೆದಕುವವರಿಗೆ

ಗುನ್ನಾರ್ ಸೋನ್ಸ್ಟೆಬಿ ಕೂಡ ಬಿಸಿನೆಸ್‌ಗೇ ಹೋದ್ರಂತೆ. ಇಬ್ಬರಲ್ಲಿ ಯಾರು ದೊಡ್ಡವರು?

ಹೋದರು, ಆದರೆ ದಾರಿ ಬೇರೆ. ಸೋನ್ಸ್ಟೆಬಿ ಹುಟ್ಟಿದ್ದು 1918ರಲ್ಲಿ, ರ್ಯೂಕಾನ್ ಊರಲ್ಲಿ. ಸಂಕೇತನಾಮ ಏಜೆಂಟ್ 24. ಮೂವತ್ತಕ್ಕೂ ಹೆಚ್ಚು ಸುಳ್ಳು ಹೆಸರು ಇಟ್ಟುಕೊಂಡು ಸೈಕಲ್ ಮೇಲೆ ಓಸ್ಲೋ ಸುತ್ತಿದವರು. ನೋಟು ಅಚ್ಚು ಹಾಕುವ ಪಡಿಯಚ್ಚುಗಳನ್ನು ನಾರ್ವೆಯ ಬ್ಯಾಂಕಿನಿಂದಲೇ ಹೊರಸಾಗಿಸಿದರು. ಅವರ ಗುಂಪು ಒಂದೇ ಏಟಿಗೆ 75,000 ರೇಷನ್ ಪುಸ್ತಕ ಎತ್ತಿತು. ಯುದ್ಧ ಶಿಲುಬೆ ಮೂರು ಖಡ್ಗಗಳ ಸಮೇತ ಸಿಕ್ಕ ಒಬ್ಬರೇ ಒಬ್ಬರು ಅವರು.

ಯುದ್ಧ ಮುಗಿದಾಗ ಗೂಢಚಾರ ಸಂಸ್ಥೆಗಳಿಂದ ಕರೆ ಬಂತು. ಸಾಕಪ್ಪಾ ಯುದ್ಧ ಅಂತ ಬೇಡ ಅಂದರು. ಅಮೆರಿಕಕ್ಕೆ ಹೋಗಿ ಹಾರ್ವರ್ಡ್‌ನಲ್ಲಿ ಬಿಸಿನೆಸ್ ಓದಿ, ತೈಲ ಕಂಪನಿಯಲ್ಲಿ ಕೆಲಸ ಮಾಡಿ, 1949ರಲ್ಲಿ ವಾಪಸ್ ಬಂದು ಖಾಸಗಿ ವಲಯದಲ್ಲೇ ದುಡಿದರು. 2012ರಲ್ಲಿ 94ನೇ ವಯಸ್ಸಿಗೆ ತೀರಿಕೊಂಡರು. ಮ್ಯಾಕ್ಸ್‌ನದ್ದು ಪೇಟೆ ವ್ಯಾಪಾರ, ಸೋನ್ಸ್ಟೆಬಿಯದ್ದು ಓದಿ ಕಲಿತ ಆಡಳಿತ. ಯಾರು ದೊಡ್ಡವರು ಅನ್ನುವ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಆದರೆ ಒಬ್ಬರ ಜೊತೆ ಊಟಕ್ಕೆ ಹೋಗಬೇಕು ಅಂದರೆ ಮ್ಯಾಕ್ಸ್, ದುಡ್ಡು ಇಡಲು ಕೊಡಬೇಕು ಅಂದರೆ ಸೋನ್ಸ್ಟೆಬಿ.

ಹೋರಾಡಿದ ಎಲ್ಲರಿಗೂ ಇದೇ ಗೌರವ ಸಿಕ್ತಾ?

ಇಲ್ಲ. ಓಸ್ವಾಲ್ಡ್ ಗುಂಪು ಅಂತ ಕಮ್ಯುನಿಸ್ಟರದ್ದೊಂದು ತಂಡ ಇತ್ತು. ಮುಖಂಡ ಆಸ್ಬ್ಯೋರ್ನ್ ಸುಂಡೆ. ಲಂಡನ್‌ನಿಂದ ಆರ್ಡರ್ ಬರುವ ಎಷ್ಟೋ ಮೊದಲೇ ರೈಲು ಹಳಿ, ಕಾರ್ಖಾನೆ ಉಡಾಯಿಸಿದವರು. ಪೆಲ್ಲೆ ಗುಂಪು ಎಂಬ ಇನ್ನೊಂದು 1944ರ ನವೆಂಬರ್‌ನಲ್ಲಿ ಓಸ್ಲೋದ ಹಡಗುಕಟ್ಟೆಯಲ್ಲೇ ಹಲವು ಹಡಗು ಮುಳುಗಿಸಿತು. ಮ್ಯಾಕ್ಸ್ ಮಾಡಿದ ಕೆಲಸಕ್ಕಿಂತ ಇದೇನೂ ಸಣ್ಣದಲ್ಲ.

ಆದರೆ ಶೀತಲ ಸಮರ ಬಂತು. ಕಮ್ಯುನಿಸ್ಟ್ ಅಂದರೆ ಅನುಮಾನ. ಸುಂಡೆಗೆ 1954ರಲ್ಲಿ ಸೋವಿಯತ್ ಪರ ಬೇಹುಗಾರಿಕೆ ಆರೋಪದಲ್ಲಿ ಎಂಟು ವರ್ಷ ಶಿಕ್ಷೆ ಆಯಿತು. ಓಸ್ವಾಲ್ಡ್ ಗುಂಪಿನಲ್ಲಿ ಬದುಕುಳಿದ ಮುದುಕರನ್ನು ಸರ್ಕಾರ ಕರೆದು ಗೌರವಿಸಿದ್ದು 2013ರಲ್ಲಿ. ಅವರ ಸ್ಮಾರಕ ಎದ್ದದ್ದು 2015ರಲ್ಲಿ, ಓಸ್ಲೋ ರೈಲು ನಿಲ್ದಾಣದ ಹತ್ತಿರ. ಮ್ಯಾಕ್ಸ್‌ಗೆ ಹೆಸರು ಬಾಗಿಲು ತೆಗೆಸಿತು ಅಂದೆನಲ್ಲ, ಇವರ ಮುಖಕ್ಕೆ ಅದೇ ಹೋರಾಟ ಬಾಗಿಲು ಹಾಕಿಸಿತು.

ಇವರು ಬಾಂಬ್ ಇಟ್ಟದ್ದಕ್ಕೆ ಜರ್ಮನರು ಅಮಾಯಕರನ್ನು ಕೊಲ್ಲಲಿಲ್ವಾ?

ಕೊಂದರು. 1942ರಲ್ಲಿ ಗೆಸ್ಟಾಪೋದ, ಅಂದರೆ ನಾಜಿ ಗುಪ್ತ ಪೊಲೀಸರ, ಇಬ್ಬರು ಅಧಿಕಾರಿಗಳು ಸತ್ತದ್ದಕ್ಕೆ ಟೆಲಾವೋಗ್ ಎಂಬ ಮೀನುಗಾರರ ಹಳ್ಳಿಯನ್ನೇ ನೆಲಸಮ ಮಾಡಿ, ಗಂಡಸರನ್ನು ಜರ್ಮನಿಯ ಶಿಬಿರಕ್ಕೆ ಕಳಿಸಿದರು. 31 ಜನ ಅಲ್ಲೇ ಸತ್ತರು. 1945ರ ಫೆಬ್ರುವರಿಯಲ್ಲಿ ನಾಜಿ ಪರ ಪೊಲೀಸ್ ಮುಖ್ಯಸ್ಥ ಕಾರ್ಲ್ ಮಾರ್ಟಿನ್ಸೆನ್‌ನನ್ನು ಹೋರಾಟಗಾರರು ಕೊಂದದ್ದಕ್ಕೆ ಸುಮಾರು 30 ನಾರ್ವೆಯವರನ್ನು ಗುಂಡಿಟ್ಟು ಕೊಂದರು. ಹಾಗಾಗಿ ನಾರ್ವೆಯೊಳಗೇ ಇದರ ಬಗ್ಗೆ ಜಗಳ ಇತ್ತು. ಮಿಲೋರ್ಗ್‌ನ ಹಿರಿಯರಿಗೆ ಲಂಡನ್‌ನವರ ಅವಸರ ಮೊದಮೊದಲು ಹಿಡಿಸುತ್ತಿರಲಿಲ್ಲ. ಇದರ ಲೆಕ್ಕ ಯಾರೂ ಸರಿಯಾಗಿ ಮಾಡಿ ಮುಗಿಸಿಲ್ಲ. ಮುಗಿಸಲು ಆಗುವುದೂ ಇಲ್ಲ.

ಆತ ಬರೆದ ಪುಸ್ತಕ ಎಷ್ಟು ನಂಬಬಹುದು?

ಯುದ್ಧ ಮುಗಿದ ಕೂಡಲೇ, 1945 ಮತ್ತು 46ರಲ್ಲಿ, ಮ್ಯಾಕ್ಸ್ ಎರಡು ಪುಸ್ತಕ ಬರೆದ. ಬಿಸಿಬಿಸಿ ನೆನಪು, ಹೇಳುವ ಕಲೆಯೂ ಇತ್ತು. ಕೆಲವು ಕಡೆ ಉಪ್ಪು ಖಾರ ಬಿದ್ದಿದೆ ಅಂತ ನಾರ್ವೆಯಲ್ಲೇ ಟೀಕೆ ಇದೆ. 2008ರಲ್ಲಿ ಆತನ ಮೇಲೆ ಬಂದ ಸಿನಿಮಾವನ್ನು ಆ ಸಣ್ಣ ದೇಶದಲ್ಲಿ 10 ಲಕ್ಷಕ್ಕೂ ಜಾಸ್ತಿ ಜನ ನೋಡಿದರು, ವಾದ ಇನ್ನೂ ಜೋರಾಯಿತು. ಹಡಗು, ದಿನಾಂಕ, ಸತ್ತವರ ಹೆಸರು ಇವೆಲ್ಲ ಬೇರೆ ದಾಖಲೆಗಳಿಗೂ ತಾಳೆಯಾಗುತ್ತವೆ. ಮಾತುಕತೆ, ತಮಾಷೆ ಇರುವ ಪುಟಗಳನ್ನು ಸುಮ್ನೆ ಓದಿ ಖುಷಿಪಡಿ.

ಜರ್ಮನರ ಜೊತೆ ವ್ಯಾಪಾರ ಮಾಡಿ ದುಡ್ಡು ಮಾಡಿದವರಿಗೆ ಏನಾಯ್ತು?

ವ್ಯಾಪಾರದ ಕಥೆ ಹೇಳಿ ಇದನ್ನು ಬಿಟ್ಟರೆ ತಪ್ಪಾಗುತ್ತದೆ. ಯುದ್ಧದ ನಂತರ ನಾರ್ವೆಯಲ್ಲಿ ದೇಶದ್ರೋಹದ ಸಾವಿರಾರು ಕೇಸುಗಳು ನಡೆದವು. 90,000ಕ್ಕೂ ಹೆಚ್ಚು ಜನರ ಮೇಲೆ ತನಿಖೆ. 37 ಮಂದಿಗೆ ಮರಣದಂಡನೆ, ಅದರಲ್ಲಿ 25 ಜನ ನಾರ್ವೆಯವರು. ಜರ್ಮನರ ಕೈಗೊಂಬೆ ಸರ್ಕಾರ ನಡೆಸಿದ ನಾರ್ವೆಯ ನಾಜಿ ಪಕ್ಷದ ಮುಖಂಡ ಕ್ವಿಸ್ಲಿಂಗ್‌ನನ್ನು 1945ರ ಅಕ್ಟೋಬರ್ 24ರಂದು ಆಕರ್ಸ್‌ಹುಸ್ ಕೋಟೆಯಲ್ಲಿ ಗುಂಡಿಟ್ಟು ಕೊಂದರು.

ಆದರೆ ವಿಮಾನ ನಿಲ್ದಾಣ, ರಸ್ತೆ, ಕೋಟೆಗಳನ್ನು ಜರ್ಮನರಿಗೆ ಕಟ್ಟಿಕೊಟ್ಟ ಕಂಟ್ರಾಕ್ಟರುಗಳ ವಿಷಯ ಅಷ್ಟು ಸರಳವಾಗಿರಲಿಲ್ಲ. ಬಲವಂತ ಎಲ್ಲಿ ಮುಗಿಯಿತು, ಲಾಭದಾಸೆ ಎಲ್ಲಿ ಶುರುವಾಯಿತು ಅಂತ ಕೋರ್ಟಿನಲ್ಲಿ ತೋರಿಸುವುದು ಕಷ್ಟ. ಆ ನಾಜಿ ಪಕ್ಷದ ಸದಸ್ಯತ್ವ ಚೀಟಿ ಇಟ್ಟುಕೊಂಡಿದ್ದ ಸಣ್ಣ ಮನುಷ್ಯನಿಗೆ ಬಿದ್ದ ಏಟು ದೊಡ್ಡ ಕಂಟ್ರಾಕ್ಟರಿಗೆ ಬೀಳಲಿಲ್ಲ ಅನ್ನುವ ದೂರು ಇಂದಿಗೂ ಇದೆ. ಮ್ಯಾಕ್ಸ್ 1945ರ ನಂತರ ಮಾಲು ಮಾರಲು ಹೋದ ಮಾರುಕಟ್ಟೆಯಲ್ಲಿ ಅಂಥವರೂ ಇದ್ದರು.

ಓಸ್ಲೋಗೆ ಹೋಗ್ತಿದ್ದೀನಿ. ಏನು ನೋಡಬಹುದು?

ಆಕರ್ಸ್‌ಹುಸ್ ಕೋಟೆಯೊಳಗಿನ ಪ್ರತಿರೋಧ ವಸ್ತುಸಂಗ್ರಹಾಲಯ ಮೊದಲು. 1970ರಲ್ಲಿ ತೆರೆದದ್ದು. ಕಳ್ಳ ರೇಡಿಯೋ, ಗುಟ್ಟಿನ ಪತ್ರಿಕೆ, ಆಯುಧ ಎಲ್ಲ ಇವೆ. ಅದನ್ನು ಕಟ್ಟಿ ನಡೆಸಿದ ಕ್ನೂಟ್ ಹಾಗ್ಲಾಂಡ್ ತಾವೇ ಭೂಗತ ರೇಡಿಯೋ ಆಪರೇಟರ್ ಆಗಿದ್ದವರು, 1947ರಲ್ಲಿ ತೆಪ್ಪದಲ್ಲಿ ಪೆಸಿಫಿಕ್ ಸಾಗರ ದಾಟಿದ ಕೋನ್-ಟಿಕಿ ತಂಡದಲ್ಲೂ ಇದ್ದವರು.

ಕೋಟೆಯಿಂದ ಕೆಳಗಿಳಿದರೆ ಡೋನೌ ಹೊರಟ ಧಕ್ಕೆ. ಅಲ್ಲಿ ಕೂರುವ ಹಲಗೆ ಇಲ್ಲದ ಎಂಟು ಲೋಹದ ಕುರ್ಚಿಗಳಿವೆ. ಸಾಗಿಸಲ್ಪಟ್ಟ ಯಹೂದಿಗಳ ಸ್ಮಾರಕ. ಊರ ಮಧ್ಯದ ಕಾರ್ಲ್ ಯೋಹಾನ್ ಬೀದಿಯಲ್ಲಿ ಸೈಕಲ್ ಪಕ್ಕ ನಿಂತ ಸೋನ್ಸ್ಟೆಬಿ ಪ್ರತಿಮೆ ಇದೆ, 2007ರಲ್ಲಿ ಅವರು ಬದುಕಿರುವಾಗಲೇ ರಾಜ ಹರಾಲ್ಡ್ ಅನಾವರಣ ಮಾಡಿದ್ದು. ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲೇ ಇವೆ. ಅರ್ಧ ದಿನ ಸಾಕು, ಬೆಚ್ಚಗಿನ ಬಟ್ಟೆ ಮರೀಬೇಡಿ.